ಕ್ಷಯರೋಗಿಯ ಆಹಾರದ ಹಣ ಮೊದಲೆರಡು ತಿಂಗಳಲ್ಲೇ ಕೈಸೇರಲಿ

ಮಾನ್ಯ ಸಂಪಾದಕರೇ,

ಕ್ಷಯರೋಗಿಗಳಿಗೆ ನಿಕ್ಷಯ್ ಪೋಷಣ್ ಯೋಜನೆಯಡಿ ಕೊಡುವ ಪೌಷ್ಟಿಕ ಆಹಾರದ ಹಣ 2024ರ ನವೆಂಬರ್‌ನಿಂದ ತಿಂಗಳಿಗೆ 500 ರೂಪಾಯಿ ಇದ್ದದ್ದು 1,000 ರೂಪಾಯಿ ಆಗಿದೆ. ರೋಗ ಪತ್ತೆಯಾದಾಗ 3,000, ಚಿಕಿತ್ಸೆ 84 ದಿನ ದಾಟಿದ ಮೇಲೆ ಮತ್ತೆ 3,000 ರೂಪಾಯಿ ಖಾತೆಗೆ ಬರಬೇಕು. ಎಡವಟ್ಟಾಗುವುದು ಮೊದಲ ಕಂತಿನಲ್ಲಿ, ಅದು ತಡವಾಗಿ ಬರುತ್ತದೆ.

ಕಾರಣ ಹೆಚ್ಚಾಗಿ ಪಾಸ್‌ಬುಕ್ಕಿನಲ್ಲೇ ಇರುತ್ತದೆ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು, ವಿಜಯಾ ಬ್ಯಾಂಕ್, ಕಾವೇರಿ ಗ್ರಾಮೀಣ ಬ್ಯಾಂಕ್ ಎಲ್ಲವೂ ವಿಲೀನವಾಗಿ ವರ್ಷಗಳಾದವು. ಆದರೂ ನಮ್ಮ ಹಳ್ಳಿಗಳಲ್ಲಿ ಹಳೇ ಪುಸ್ತಕದ ಜೆರಾಕ್ಸನ್ನೇ ಕೊಡುತ್ತಾರೆ. ಅದರಲ್ಲಿರುವ ಹಳೆಯ ಐಎಫ್‌ಎಸ್‌ಸಿ ದಾಖಲಾದರೆ ಪಾವತಿ ನಿಲ್ಲುತ್ತದೆ. ಆಧಾರ್‌ನಲ್ಲಿ ‘ನಿಂಗಮ್ಮ’, ಬ್ಯಾಂಕಿನಲ್ಲಿ ‘ನಿಂಗಮ್ಮ ಕೋಂ ಸಿದ್ದೇಗೌಡ’ ಎಂದಿದ್ದರೂ ತಕರಾರು. ವ್ಯವಹಾರವಿಲ್ಲದೆ ನಿಂತುಹೋದ ಜನಧನ್ ಖಾತೆ ಕೊಟ್ಟರಂತೂ ಕೆವೈಸಿ ಮಾಡಿಸಿ ಖಾತೆ ಚಾಲೂ ಆಗುವವರೆಗೆ ಕಾಯಬೇಕು. ಹೆಣ್ಣುಮಕ್ಕಳಾದರೆ ಗೃಹಲಕ್ಷ್ಮಿ ಹಣ ಬರುತ್ತಿರುವ ಖಾತೆಯನ್ನೇ ಕೊಡುವುದು ಜಾಣತನ, ಅದು ಚಾಲ್ತಿಯಲ್ಲಿದೆ ಎಂಬುದು ಗೊತ್ತಿದ್ದದ್ದೇ. ಸ್ವಂತ ಖಾತೆ ಇಲ್ಲದವರು ಒಪ್ಪಿಗೆ ಪತ್ರದೊಂದಿಗೆ ಮನೆಯವರ ಖಾತೆ ಕೊಡಬಹುದು. ದಾಖಲೆ ಕೊಟ್ಟು ಸುಮ್ಮನಾಗದೆ, ನಿಕ್ಷಯ್ ಐಡಿ (ರೋಗಿಯ ನೋಂದಣಿ ಸಂಖ್ಯೆ) ಬರೆದಿಟ್ಟುಕೊಂಡು, ವಾರ ಬಿಟ್ಟು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ (ಪಿಎಚ್‌ಸಿ) ‘ಖಾತೆ ವ್ಯಾಲಿಡೇಟ್ ಆಯ್ತಾ?’, ಅಂದರೆ ಖಾತೆ ಸರಿಯಿದೆಯೆಂದು ಖಚಿತವಾಯಿತೇ ಎಂದು ಕೇಳಲೇಬೇಕು. ಅಲ್ಲಿ ಸರಿಯಾದ ಉತ್ತರ ಸಿಗದಿದ್ದರೆ ಸಹಾಯವಾಣಿ 1800-11-6666.

ಇಷ್ಟು ಅವಸರ ಏಕೆಂದರೆ, ಕ್ಷಯರೋಗಿಗಳಿಗೂ ಅವರ ಮನೆಮಂದಿಗೂ ಆಹಾರ ಕೊಟ್ಟು ಜಾರ್ಖಂಡ್‌ನಲ್ಲಿ ನಡೆಸಿ, 2023ರಲ್ಲಿ ಪ್ರಕಟವಾದ ‘ರೇಷನ್ಸ್’ ಅಧ್ಯಯನದ ಪ್ರಕಾರ, ಮೊದಲ ಎರಡು ತಿಂಗಳಲ್ಲಿ ತೂಕ ಶೇ 5ರಷ್ಟು ಏರಿದವರಲ್ಲಿ ಸಾವಿನ ಅಪಾಯ ಶೇ 61ರಷ್ಟು ಕಡಿಮೆ. ಅಂದರೆ 40 ಕೆ.ಜಿ. ಇರುವವರು 42 ಆಗಬೇಕು, ಅಷ್ಟೇ. ಐದನೇ ತಿಂಗಳಿಗೆ ಬರುವ ದುಡ್ಡಿನಿಂದ ಈ ಲಾಭ ದಕ್ಕುವುದಿಲ್ಲ.

40 ಕೆ.ಜಿ. ತೂಕದ ರೋಗಿಗೆ ದಿನಕ್ಕೆ 48ರಿಂದ 60 ಗ್ರಾಂ ಪ್ರೊಟೀನ್ ಬೇಕು. 300 ಗ್ರಾಂ ಅಕ್ಕಿಯ ಅನ್ನದಲ್ಲಿ ಸಿಗುವುದು 22 ಗ್ರಾಂ ಆಸುಪಾಸು. ಎರಡು ಮೊಟ್ಟೆ, ಅರ್ಧ ಲೀಟರ್ ಹಾಲು, ಒಂದು ಹಿಡಿ ಹುರುಳಿಕಾಳು ಸೇರಿಸಿದರೆ ಲೆಕ್ಕ ಸರಿಹೋಗುತ್ತದೆ. ಸಾವಿರ ರೂಪಾಯಿ ಎಂದರೆ ದಿನಕ್ಕೆ 33 ರೂಪಾಯಿ. ಮೊಟ್ಟೆ-ಹಾಲಿಗೇ ಅದು ಸಾಲದು. ಹಾಗಾಗಿ ಹಾಲು ಕಡಿಮೆ ಮಾಡಿ, ಹುರುಳಿ ಇಲ್ಲವೇ ಅವರೆಕಾಳಿನ ಬಸ್ಸಾರು ಮಾಡಿದಾಗ ಕಟ್ಟಿನ ಜೊತೆ ಕಾಳನ್ನೂ ರೋಗಿಯ ತಟ್ಟೆಗೆ ಹಾಕಿ ಎಂದು ಹೇಳುವುದು ವಾಸಿ. ಬರೀ ಕಟ್ಟು ಸುರಿದುಕೊಂಡು ಮುದ್ದೆ ನುಂಗಿದರೆ ಪ್ರೊಟೀನ್ ಕಾಳಿನಲ್ಲೇ ಉಳಿಯುತ್ತದೆ! ಮಾತ್ರೆಯಿಂದ ಹೊಟ್ಟೆ ತೊಳಸುವವರು ಮೂರು ಹೊತ್ತಿನ ಊಟವನ್ನು ಐದಾರು ಸಲ ಹಂಚಿಕೊಂಡು ತಿನ್ನಲಿ.

ರೋಗಿಗೆಂದು ತಂದ ಮೊಟ್ಟೆ ಮೊದಲು ಮಕ್ಕಳ ತಟ್ಟೆಗೆ ಹೋಗುತ್ತದೆ. ಅದನ್ನು ತಪ್ಪೆನ್ನಲಾಗದು. ಮನೆಮಂದಿಗೂ ರೇಷನ್ ಕೊಟ್ಟಾಗ ಅವರಲ್ಲಿ ಹೊಸದಾಗಿ ಕ್ಷಯ ಬರುವುದು ಶೇ 39ರಷ್ಟು ಇಳಿದದ್ದನ್ನು ಅದೇ ಅಧ್ಯಯನ ತೋರಿಸಿದೆ. ನಿಕ್ಷಯ್ ಮಿತ್ರರಾಗಿ ಆಹಾರದ ಕಿಟ್ ಕೊಡುವ ದಾನಿಗಳು ಇದನ್ನು ಗಮನಿಸಲಿ. ಕಿಟ್‌ನಲ್ಲಿ ಬಿಸ್ಕತ್ತು, ಹೆಲ್ತ್ ಡ್ರಿಂಕ್ ಡಬ್ಬದ ಬದಲು ಬೇಳೆ-ಕಾಳು, ಎಣ್ಣೆ, ಕಡಲೆಕಾಯಿ ಬೀಜ ಇರಲಿ.

ಮೈಸೂರು ಮತ್ತು ಮಂಡ್ಯ ಜಿಲ್ಲಾಡಳಿತಗಳು ಜಿಲ್ಲೆಯ ಬ್ಯಾಂಕುಗಳ ಸಮನ್ವಯ ನೋಡಿಕೊಳ್ಳುವ ಲೀಡ್ ಬ್ಯಾಂಕಿನವರನ್ನು ಕೂರಿಸಿಕೊಂಡು, ತಿರಸ್ಕೃತ ಖಾತೆಗಳ ಪಟ್ಟಿಯನ್ನು ತಾಲ್ಲೂಕುವಾರು ಪ್ರತಿ ತಿಂಗಳು ಸರಿಪಡಿಸಬೇಕು. ಪ್ರತಿ ಪಿಎಚ್‌ಸಿಯಲ್ಲಿ ರೋಗಿಯ ತೂಕವನ್ನು ಚಿಕಿತ್ಸೆಯ ಮೊದಲ ದಿನ ಮತ್ತು ಎರಡನೇ ತಿಂಗಳ ಕೊನೆಗೆ ಕಾರ್ಡಿನಲ್ಲಿ ಬರೆಯುವುದು ಕಡ್ಡಾಯವಾಗಲಿ.

– ಕ್ಷಯ ಚಿಕಿತ್ಸೆಯಲ್ಲಿ ತೊಡಗಿರುವ ಕೆಲವು ಆರೋಗ್ಯ ಕಾರ್ಯಕರ್ತರು, ಮಂಡ್ಯ