ಪೆಂಡಾಲ್‌ಗೆ ಒಪ್ಪಿಗೆ ಕೊಡುವ ಮೊದಲು ಜಾಗ ನೋಡಿ

ಮಾನ್ಯರೇ,

ನಾನು ಕಲಬುರಗಿಯ ಆಸ್ಪತ್ರೆಯೊಂದರಲ್ಲಿ ನರ್ಸ್. ಕಳೆದ ತಿಂಗಳು ನಮ್ಮ ಗೇಟಿನ ಎದುರಿಗೇ ಪೆಂಡಾಲ್ ಹಾಕಲು ಅನುಮತಿ ಸಿಕ್ಕಿತ್ತು. ಹೆರಿಗೆಗೆ ಬಂದ ಹೆಣ್ಣುಮಗಳ ಆಟೋ ತಿರುವಿನಲ್ಲೇ ಸಿಕ್ಕಿಬಿತ್ತು. ಸ್ಟ್ರೆಚರ್ ಅಲ್ಲಿಗೇ ಒಯ್ದೆವು. ವಾರ್ಡಿನ ಕಿಟಕಿಗಳು ಡಿಜೆ ಸದ್ದಿಗೆ ನಡುಗುತ್ತಿದ್ದವು.

ಹಬ್ಬ ಬೇಡ ಅಂತಲ್ಲ. ಶರಣಬಸವೇಶ್ವರರ ತೇರಿಗೆ ನಾನೂ ಉತ್ತತ್ತಿ ಎಸೆಯುವವಳೇ. ಆದರೆ ಆಸ್ಪತ್ರೆ ಸುತ್ತ 100 ಮೀಟರ್ ಜಾಗವನ್ನು ನಿಶ್ಶಬ್ದ ವಲಯ ಎಂದು ಘೋಷಿಸಲು 2000ರ ಶಬ್ದಮಾಲಿನ್ಯ ನಿಯಮದಲ್ಲೇ ಅವಕಾಶವಿದೆ. ಸರ್ಕಾರ ವಿನಾಯಿತಿ ಕೊಟ್ಟ ದಿನ ಬಿಟ್ಟರೆ, ರಾತ್ರಿ 10ರ ನಂತರ ಬಯಲಲ್ಲಿ ಮೈಕ್ ಹಚ್ಚುವಂತಿಲ್ಲ. ಇದೆಲ್ಲ ಅರ್ಜಿ ನೋಡುವಾಗಲೇ ಕೇಳಬೇಕಲ್ವಾ? ಸುಮ್ನೆ ಸೀಲ್ ಒತ್ತಿದರೆ ಹೇಗೆ?

ಅನುಮತಿ ಕೊಡುವವರು ಒಮ್ಮೆ ಜಾಗಕ್ಕೆ ಬಂದು ರಸ್ತೆ ಅಳೆಯಲಿ. ಆಂಬುಲೆನ್ಸ್ ಹೋಗುವಷ್ಟು ದಾರಿ ಇರದಿದ್ದರೆ ಬೇರೆ ಜಾಗ ತೋರಿಸಲಿ.

– ಒಬ್ಬ ನರ್ಸ್, ಕಲಬುರಗಿ