ಮರಿಗಳ ಎಣಿಕೆ ಸಾಲದು, ಮರಳಿನ ತಾಪವನ್ನೂ ಕೇಳಿ

ಮಾನ್ಯರೇ,

ಕಡಲಾಮೆ ಮರಿಗಳನ್ನು ಗಣ್ಯರು ಬುಟ್ಟಿಯಿಂದ ನೀರಿಗೆ ಬಿಡುತ್ತಿರುವ ಚಿತ್ರ ಕಳೆದ ವಾರ ತಮ್ಮ ಪತ್ರಿಕೆಯಲ್ಲಿ ಪ್ರಕಟವಾಗಿತ್ತು. ಅಡಿಬರಹದಲ್ಲಿ ಗಣ್ಯರ ಹೆಸರುಗಳಿದ್ದವು, ಮರಿಗಳ ಸಂಖ್ಯೆಯೂ ಇತ್ತು. ಮೊಟ್ಟೆಗಳನ್ನು ಯಾವ ತೀರದಿಂದ ತಂದರು, ಎಷ್ಟು ಬಿಸಿಯ ಮರಳಿನಲ್ಲಿ ಹೂತಿದ್ದರು ಎಂಬ ಮಾತೇ ಇರಲಿಲ್ಲ. ತಳಿವಿಜ್ಞಾನದ ಪಾಠ ಹೇಳುತ್ತಲೇ ತಲೆ ನರೆತವಳು ನಾನು. ನನಗೆ ಬೇಕಿದ್ದ ಸುದ್ದಿ ಅದೇ.

ಕಡಲಾಮೆ ಮರಿ ಗಂಡಾಗುವುದೋ ಹೆಣ್ಣಾಗುವುದೋ ಎಂಬುದು ನಮ್ಮಲ್ಲಿಯಂತೆ ವರ್ಣತಂತುಗಳಿಂದ ತೀರ್ಮಾನವಾಗುವುದಿಲ್ಲ. ಕಾವಿನ ನಡುಗಾಲದಲ್ಲಿ ಗೂಡಿನ ತಾಪ ಎಷ್ಟಿತ್ತು ಎಂಬುದರ ಮೇಲೆ ಅದು ನಿಂತಿದೆ. ಸುಮಾರು 29 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಎರಡೂ ಹುಟ್ಟುತ್ತವೆ. ಅದಕ್ಕಿಂತ ಬಿಸಿಯಾದರೆ ಹೆಣ್ಣುಗಳು, ತಂಪಾದರೆ ಗಂಡುಗಳು ಹೆಚ್ಚು. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನ ಹಸಿರು ಕಡಲಾಮೆಗಳ ಕುರಿತು 2018ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಆಮೆಗಳನ್ನು ಹಿಡಿದದ್ದು ಮೇಯುವ ಜಾಗದಲ್ಲಿ. ಅಲ್ಲಿ ಬೇರೆ ಬೇರೆ ತೀರದವು ಬೆರೆತಿರುತ್ತವೆಯಾದ್ದರಿಂದ ಯಾವುದು ಎಲ್ಲಿ ಹುಟ್ಟಿದ್ದೆಂದು ಡಿಎನ್‌ಎ ನೋಡಿಯೇ ವಿಂಗಡಿಸಬೇಕಾಯಿತು. ಉತ್ತರದ ಬಿಸಿ ತೀರಗಳಲ್ಲಿ ಹುಟ್ಟಿದ ವಯಸ್ಕ ಆಮೆಗಳಲ್ಲಿ ಶೇ 87ರಷ್ಟು ಹೆಣ್ಣು. ಎಳೆಯವುಗಳಲ್ಲಿ ಶೇ 99ರಷ್ಟು! ದಕ್ಷಿಣದ ತಂಪು ತೀರದವುಗಳಲ್ಲಿ ಈ ಪ್ರಮಾಣ ಶೇ 65ರಿಂದ 69. ಒಂದು ಗಂಡು ಹಲವು ಹೆಣ್ಣುಗಳನ್ನು ಕೂಡಬಲ್ಲದು, ನಿಜ. ಆದರೆ ನೂರಕ್ಕೆ ಒಂದು ಗಂಡು ಎಂಬ ಸ್ಥಿತಿಯಲ್ಲಿ ಆ ಸಮಾಧಾನ ಎಷ್ಟು ದಿನ?

ಇನ್ನು ತೀರದ ವಿಷಯ. ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾದ ಡಿಎನ್‌ಎ ಮರಿಗೆ ಬರುವುದು ತಾಯಿಯಿಂದ ಮಾತ್ರ. ಅದನ್ನು ಹೋಲಿಸಿ ನೋಡಿದ ಸಂಶೋಧಕರು, ಹೆಣ್ಣು ಹಸಿರು ಕಡಲಾಮೆಗಳು ದಶಕಗಳ ನಂತರ ಮೊಟ್ಟೆಯಿಡಲು ತಾವು ಹುಟ್ಟಿದ ಸೀಮೆಗೇ ಮರಳುತ್ತವೆ ಎಂಬುದನ್ನು 1990ರ ಹೊತ್ತಿಗೆ ತೋರಿಸಿಕೊಟ್ಟರು. ಎಂದರೆ, ಒಂದು ತೀರದ ತಾಯಂದಿರು ಅಳಿದರೆ ದೂರದ ತೀರದವು ಬಂದು ಆ ಜಾಗ ತುಂಬುತ್ತವೆಂದು ನಂಬಿ ಕೂರುವಂತಿಲ್ಲ. ಆಲಿವ್ ರಿಡ್ಲೆ ಎಂಬ ಇನ್ನೊಂದು ಪ್ರಭೇದದ ಕಡಲಾಮೆಗಳು ಇಷ್ಟು ಕಟ್ಟುನಿಟ್ಟಲ್ಲ. ಭಾರತದ ಪೂರ್ವ ಕರಾವಳಿಯಲ್ಲಿ ಕಾರ್ತಿಕ್ ಶಂಕರ್ ಮತ್ತು ಸಂಗಡಿಗರು ನಡೆಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಾಮೂಹಿಕವಾಗಿ ಬಂದು ಮೊಟ್ಟೆಯಿಡುವ ಆಮೆಗಳಿಗೂ ಒಂಟಿಯಾಗಿ ಬರುವವಕ್ಕೂ ತಳಿಯಲ್ಲಿ ವ್ಯತ್ಯಾಸ ಕಾಣಲಿಲ್ಲ; ತಂತಮ್ಮ ತೀರಕ್ಕೇ ಕಟ್ಟುಬಿದ್ದಿದ್ದರೆ ವ್ಯತ್ಯಾಸ ಕಾಣಬೇಕಿತ್ತು. ಒಂದು ಪ್ರಭೇದದ ನಿಯಮವನ್ನು ಇನ್ನೊಂದಕ್ಕೆ ಅಂಟಿಸುವ ಉತ್ಸಾಹಿಗಳು ಇದನ್ನು ಗಮನಿಸಬೇಕು.

ಮೊಟ್ಟೆಗಳನ್ನು ತಂದು ಹೂತು ಮರಿಯಾಗುವವರೆಗೆ ಕಾಯುವ ಮೊಟ್ಟೆಕೇಂದ್ರಗಳೇ ಬೇಡವೆಂದು ನಾನು ಹೇಳುತ್ತಿಲ್ಲ. ಕೆಂಪ್ಸ್ ರಿಡ್ಲೆ ಆಮೆಯ ಮುಖ್ಯ ನೆಲೆ ಮೆಕ್ಸಿಕೊದ ರಾಂಚೊ ನ್ಯೂವೊ. 1947ರಲ್ಲಿ ಅಲ್ಲಿ ತೆಗೆದ ಚಲನಚಿತ್ರದಿಂದ ಒಂದೇ ದಿನ ಸುಮಾರು 40,000 ಹೆಣ್ಣುಗಳು ದಡಕ್ಕೆ ಬಂದಿದ್ದವೆಂದು ಅಂದಾಜಿಸಿದ್ದರು. 1985ರಲ್ಲಿ ಇಡೀ ಋತುವಿಗೆ ಸಿಕ್ಕ ಗೂಡುಗಳು 700ರ ಆಸುಪಾಸು. ಆ ಪ್ರಭೇದಕ್ಕೆ ಇನ್ನೊಂದು ನೆಲೆ ಒದಗಿಸಲು 1978ರಿಂದ ಟೆಕ್ಸಾಸ್‌ನ ಪಾಡ್ರೆ ದ್ವೀಪಕ್ಕೆ ಮೊಟ್ಟೆಗಳನ್ನು ಒಯ್ದರು. ತಾಯಿ ಮೊಟ್ಟೆಯಿಡುವಾಗಲೇ ಚೀಲವೊಡ್ಡಿ, ರಾಂಚೊ ನ್ಯೂವೊದ ಮರಳು ಸೋಕದಂತೆ ಹಿಡಿದು, ಮರಿಗಳಿಗೆ ಪಾಡ್ರೆಯೇ ಹುಟ್ಟಿದ ತೀರವೆನಿಸಲೆಂದು ಪಾಡ್ರೆಯ ಮರಳಿನಲ್ಲಿ ಇಟ್ಟರು. ಮರಿಗಳನ್ನು ಪಾಡ್ರೆಯ ದಡದಲ್ಲೇ ತೆವಳಲು ಬಿಟ್ಟರು. ಅವುಗಳಲ್ಲಿ ಕೆಲವು ಅದೇ ದ್ವೀಪಕ್ಕೆ ಮೊಟ್ಟೆಯಿಡಲು ಬಂದದ್ದು ದಾಖಲಾಗಲು 1996 ಬರಬೇಕಾಯಿತು. ಫಲ ಕಾಣಲು ಅಷ್ಟು ವರ್ಷ ಬೇಕಾಗುವ ಕೆಲಸವನ್ನು ಬಿಟ್ಟ ದಿನದ ಮರಿಗಳ ಎಣಿಕೆಯಿಂದ ಅಳೆಯುವುದು ಹೇಗೆ?

ಮೊಟ್ಟೆ ಎತ್ತುವ ಕೈಗಳ ಬಗ್ಗೆಯೂ ಹೇಳಬೇಕು. ಹೊಸ ಮೊಟ್ಟೆಯ ಮೇಲ್ಭಾಗದಲ್ಲಿ ಒಂದು ಬಿಳಿ ಮಚ್ಚೆ ಮೂಡಿ ನಿಧಾನವಾಗಿ ಹರಡುತ್ತದೆ. ಒಳಗೆ ಭ್ರೂಣ ಚಿಪ್ಪಿನ ಒಳಪೊರೆಗೆ ಅಂಟಿಕೊಂಡಿರುವ ಜಾಗ ಅದು. ಮೊಟ್ಟೆಯಿಟ್ಟ ಕೆಲವೇ ಗಂಟೆಗಳಲ್ಲಿ ಇದು ನಡೆದುಹೋಗುತ್ತದೆ. ಆಮೇಲೆ ಅದನ್ನು ಮಗುಚಿದರೆ ಭ್ರೂಣ ಸಾಯಬಹುದು. ಬೆಳಗಾದ ಮೇಲೆ ಬಂದು, ಬಕೆಟ್ಟಿಗೆ ತುಂಬಿ, ಗಾಡಿಯಲ್ಲಿ ಕುಲುಕಾಡಿಸಿ ಒಯ್ಯುವವರ ಸದುದ್ದೇಶದಲ್ಲಿ ನನಗೆ ಸಂದೇಹವಿಲ್ಲ. ಆದರೆ ಮರಿಯಾಗದೆ ಉಳಿದ ಮೊಟ್ಟೆಗಳೆಷ್ಟು ಎಂಬುದನ್ನು ಅವರು ಹೇಳುವುದು ಅಪರೂಪ.

ಇಂಥ ಸುದ್ದಿ ಬರೆಯುವ ವರದಿಗಾರರು ಮೊಟ್ಟೆ ಯಾವ ತೀರದ್ದು, ಇಟ್ಟ ಎಷ್ಟು ಹೊತ್ತಿಗೆ ಎತ್ತಿದರು, ಗುಂಡಿಯ ತಾಪವನ್ನು ದಿನವೂ ದಾಖಲಿಸಿದ್ದಾರೆಯೇ, ನೂರರಲ್ಲಿ ಎಷ್ಟು ಮರಿಯಾದವು ಎಂದು ವಿಚಾರಿಸಲಿ. ತಾಪಮಾಪಕವೇ ಇಲ್ಲದ ಮೊಟ್ಟೆಕೇಂದ್ರದ ಸುದ್ದಿಗೆ ‘ಸಂರಕ್ಷಣೆ’ ಎಂಬ ತಲೆಬರಹ ದಯವಿಟ್ಟು ಕೊಡಬೇಡಿ.

– ನಿವೃತ್ತ ಉಪನ್ಯಾಸಕಿ