ಮಗಳಿಗೊಂದು ಪತ್ರ: ಮಾಯಾ ಎಂಬ ಹೆಸರು

ತೀರ್ಥಹಳ್ಳಿ

ಪ್ರೀತಿಯ ಮಗಳೇ,

ಕೂಸಿಗೆ ಮಾಯಾ ಅಂತ ಹೆಸರಿಡಬೇಕು ಅಂದಿದ್ದೀಯ. ನಿಮ್ಮತ್ತೆಯವರು, "ಮಾಯೆ ಅಂದ್ರೆ ಭ್ರಮೆ, ಹೆಣ್ಣುಕೂಸಿಗೆ ಅದೆಂಥಾ ಹೆಸರು?" ಅಂದರಂತೆ. ಅವರ ಮಾತನ್ನು ತಳ್ಳಿಹಾಕಬೇಡ, ಆ ಅರ್ಥ ಇದ್ದೇ ಇದೆ. ಆದರೆ ಪದದ ಬೇರು ಬೇರೆ ಕಡೆ ಇದೆ. ನಾಮಕರಣಕ್ಕೆ ಮುಂಚೆ ಇದನ್ನು ಓದು, ಅವರಿಗೂ ಓದಿ ಹೇಳು.

ಹೆಚ್ಚಿನ ವಿದ್ವಾಂಸರು ಮಾಯಾ ಪದವನ್ನು 'ಮಾ' ಧಾತುವಿಗೆ ಜೋಡಿಸುತ್ತಾರೆ. ಮಾ ಅಂದರೆ ಅಳೆ. ನಾವು ದಿನಾ ಆಡುವ ಮಾಪನ, ಪ್ರಮಾಣ, ಪರಿಮಾಣ, ಮಿತಿ, ನಿರ್ಮಾಣ ಎಲ್ಲ ಅದೇ ಧಾತುವಿನ ಸಂತಾನ. ಛಂದಸ್ಸಿನ ಮಾತ್ರೆಯೂ ಹೌದು, ಜ್ವರಕ್ಕೆ ನುಂಗುವ ಮಾತ್ರೆಯೂ ಹೌದು.

ಅಳೆಯೋದಕ್ಕೂ ಹುಟ್ಟಿಸೋದಕ್ಕೂ ಏನು ನಂಟು ಅಂತ ಕೇಳ್ತೀಯ. ಮನೆಗೆ ಪಾಯ ಗುರುತು ಹಾಕುವುದನ್ನು ನೆನೆಸಿಕೋ. ನಾಲ್ಕು ಕಡೆ ಗೂಟ ಹೊಡೆದು ದಾರ ಎಳೀತಾರೆ. ಮೂಲೆಯಿಂದ ಒಂದು ದಾರದ ಮೇಲೆ 3 ಅಡಿ, ಇನ್ನೊಂದರ ಮೇಲೆ 4 ಅಡಿ ಗುರುತು ಮಾಡಿ, ಆ ಎರಡು ಗುರುತಿನ ನಡುವೆ ಸರಿಯಾಗಿ 5 ಅಡಿ ಬಂತೋ ನೋಡ್ತಾರೆ. ಬಂದರೆ ಮೂಲೆ ನೇರ. ಬರದಿದ್ದರೆ ಗೂಟ ಕಿತ್ತು ಮತ್ತೆ ಹೊಡೀಬೇಕು, ಇಲ್ಲದಿದ್ದರೆ ಗೋಡೆಯಿಂದ ಮಾಡಿನವರೆಗೂ ಆ ಸೊಟ್ಟ ಹಿಂಬಾಲಿಸುತ್ತದೆ. ಆಮೇಲೆ ದಾರದ ಗುಂಟ ಸುಣ್ಣದ ಪುಡಿ ಉದುರಿಸ್ತಾರೆ. ಒಂದು ಕಲ್ಲೂ ಕೂತಿರುವುದಿಲ್ಲ, ಆದರೂ ಇದು ಜಗಲಿ, ಇದು ಅಡುಗೆಮನೆ ಅಂತ ಅದರೊಳಗೆ ಓಡಾಡಬಹುದು. ಬಯಲಿಗೆ ಅಳತೆ ಬಿತ್ತು, ಮನೆ ಹುಟ್ಟಿತು.

ಋಗ್ವೇದದ 5ನೇ ಮಂಡಲದ 85ನೇ ಸೂಕ್ತದಲ್ಲಿ ವರುಣ ಮಾಡುವುದೂ ಇದನ್ನೇ. ಅವನು ಆಕಾಶದಲ್ಲಿ ನಿಂತು, ಸೂರ್ಯನನ್ನೇ ಅಳತೆಗೋಲು ಮಾಡಿಕೊಂಡು ಭೂಮಿಯನ್ನು ಅಳೆದ. ಅದನ್ನು ಋಷಿ ವರುಣನ ದೊಡ್ಡ ಮಾಯೆ ಎಂದು ಕೊಂಡಾಡುತ್ತಾನೆ. ಪ್ರಾಚೀನ ವಿದ್ವಾಂಸ ಯಾಸ್ಕರು ವಿವರಿಸಿದ, ವೇದದ ಪದಗಳ ಪಟ್ಟಿಯಾದ ನಿಘಂಟುವಿನಲ್ಲಂತೂ ಮಾಯಾ ಪದ ಪ್ರಜ್ಞೆಯ ಹೆಸರುಗಳ ಪಟ್ಟಿಯಲ್ಲಿದೆ. ನಿಮ್ಮತ್ತೆಯವರಿಗೆ ಇದನ್ನು ಮೊದಲು ಹೇಳು.

ಹಾಗಾದರೆ ಮೋಸದ ಅರ್ಥ ಎಲ್ಲಿಂದ ಬಂತು? ಮಾಡುವವನ ಕೌಶಲ ನೋಡುವವನಿಗೆ ತಿಳಿಯದೆ ಹೋದರೆ ಕಣ್ಕಟ್ಟಿನ ಹಾಗೆ ಕಾಣುತ್ತದೆ. ಒಂದನೇ ಮಂಡಲದ ಒಂದೇ ಮಂತ್ರದಲ್ಲಿ ಇಂದ್ರ ಮಾಯೆಗಳಿಂದ ಮಾಯಾವಿ ಶುಷ್ಣನನ್ನು ಕೆಡವುತ್ತಾನೆ. ಶಕ್ತಿ, ಕಪಟ ಎರಡೂ ಆಗಲೇ ಒಂದೇ ಪದದಲ್ಲಿ ಕೂತಿವೆ. ಶ್ವೇತಾಶ್ವತರ ಉಪನಿಷತ್ತು ಪ್ರಕೃತಿಯೇ ಮಾಯೆ, ಮಹೇಶ್ವರನೇ ಮಾಯಿ, ಅಂದರೆ ಮಾಯೆಯುಳ್ಳವನು, ಎಂದಿತು. ಅದ್ವೈತಿಗಳ ಹಗ್ಗ-ಹಾವಿನ ದೃಷ್ಟಾಂತ ನಿನಗೆ ಗೊತ್ತು. ಮಬ್ಬಿನಲ್ಲಿ ಕೊಟ್ಟಿಗೆ ಬಾಗಿಲಲ್ಲಿ ಬಿದ್ದ ದನದ ಕಣ್ಣಿ ಹಾವಾಗಿ ಕಾಣುತ್ತದೆ. ಹಾವು ಇದೆ ಅನ್ನುವ ಹಾಗಿಲ್ಲ, ಏನೂ ಕಾಣಲಿಲ್ಲ ಅನ್ನುವ ಹಾಗೂ ಇಲ್ಲ, ಎದೆ ಹಾರಿದ್ದು ನಿಜವಲ್ಲವೇ? ಅದಕ್ಕೇ ಅವರು ಅನಿರ್ವಚನೀಯ ಅಂದರು. ಇದನ್ನು 'ಸುಳ್ಳು' ಎಂಬ ಒಂದು ಮಾತಿಗೆ ಇಳಿಸಿದರೆ ಶೃಂಗೇರಿಯ ಪರಂಪರೆಗೇ ಅನ್ಯಾಯ. 'ಯಾ ಮಾ ಸಾ ಮಾಯಾ', ಯಾವುದು ಇಲ್ಲವೋ ಅದು ಮಾಯೆ ಅನ್ನುವುದು ಪದ ಒಡೆದು ಹೇಳಿದ ಚಮತ್ಕಾರ, ಧಾತು ಹುಡುಕಿದ್ದಲ್ಲ.

ನಮ್ಮ ಶಿಕಾರಿಪುರ ಸೀಮೆಯ ಬಳ್ಳಿಗಾವೆಯ ಅಲ್ಲಮಪ್ರಭು ಹೊನ್ನು, ಹೆಣ್ಣು, ಮಣ್ಣು ಮೂರನ್ನೂ ಮಾಯೆಯಲ್ಲ ಎಂದು ಬಿಡಿಸಿ, "ಮನದ ಮುಂದಣ ಆಸೆಯೇ ಮಾಯೆ" ಅಂದ. ಹೆಣ್ಣುಕೂಸಿಗೆ ಈ ಹೆಸರು ಸಲ್ಲದು ಅನ್ನುವವರಿಗೆ ಇದಕ್ಕಿಂತ ಹಳೆಯ, ಇದಕ್ಕಿಂತ ನೇರವಾದ ಉತ್ತರ ನನಗೆ ಗೊತ್ತಿಲ್ಲ.

ಕನ್ನಡದಲ್ಲಿ ಇನ್ನೊಂದು ಪದವೂ ಇದೆ, ಅದು ಸಂಸ್ಕೃತದ್ದಲ್ಲ. ಗಾಯ ಮಾಯಿತು ಅಂತೀವಲ್ಲ, ಆ 'ಮಾಯು' ದ್ರಾವಿಡದ್ದು. ತಮಿಳಿನಲ್ಲೂ ಅದರ ನೆಂಟ 'ಮಾಯ್' ಇದೆ, ಮರೆಯಾಗು, ಸಾಯಿ ಎಂಬ ಅರ್ಥದಲ್ಲಿ. ನಮ್ಮಲ್ಲಿ ಅದೇ ಪದ ವಾಸಿಯಾಗುವುದಕ್ಕೆ ಬಂತು. ಈ ಎರಡು ಪದ ಹತ್ತಿರ ಹತ್ತಿರ ಬಾಳಿದ್ದರಿಂದಲೇ ಇರಬೇಕು, ನಮಗೆ 'ಮಾಯವಾಯ್ತು' ಅಂದರೆ ಕಾಣದಾಯ್ತು ಎಂಬುದು ಇಷ್ಟು ಸಲೀಸು. "ಮಾಯದಂಥಾ ಮಳೆ ಬಂತಣ್ಣ ಮದಗದ ಕೆರೆಗೆ" ಎಂಬ ಹಾಡಿನಲ್ಲಿ ಮಾತ್ರ ಮಾಯದ ಮಳೆ ಸುಳ್ಳು ಮಳೆಯಲ್ಲ, ಕೆರೆ ತುಂಬಿಸಿದ ಅದ್ಭುತ ಮಳೆ. ಜನಪದರ ಬಾಯಲ್ಲಿ ವೇದದ ಅರ್ಥ ಉಳಿದಿದೆ!

ಸಂಗೀತ ಕಲಿತವಳು ನೀನು. ಸರಳೆ ವರಸೆಯ ರಾಗ ಮೊದಲು ಮಾಳವಗೌಳ. ಮುಂದೆ ಅದಕ್ಕೆ 'ಮಾಯಾ' ಸೇರಿದ್ದು ಲೆಕ್ಕಕ್ಕಾಗಿ. ಅಕ್ಷರಗಳನ್ನು ಅಂಕೆಗಳಾಗಿ ಓದುವ ಕಟಪಯಾದಿಯಲ್ಲಿ ಪ-ಫ-ಬ-ಭ-ಮ ಎಣಿಸಿದರೆ ಮ 5, ಯ 1. ಹಿಂದುಮುಂದಾಗಿ ಓದಿದರೆ 15. ಮೇಳಕರ್ತ ರಾಗಗಳ ಪಟ್ಟಿಯಲ್ಲಿ ಅದೇ ಅದರ ಸಂಖ್ಯೆ. ಅಲ್ಲಿಯೂ ಮಾಯಾ ಅಳತೆಯ ಕೆಲಸವನ್ನೇ ಮಾಡುತ್ತಿದೆ. ಮಧ್ಯ ಅಮೆರಿಕದ ಮಾಯಾ ಜನರ ಹೆಸರಿಗೂ ಇದಕ್ಕೂ ಸಂಬಂಧವಿಲ್ಲ, ಉಚ್ಚಾರ ಕೂಡಿಬಂದಿದೆ ಅಷ್ಟೆ.

ಪುರೋಹಿತರು ಹೆಣ್ಣುಮಕ್ಕಳ ಹೆಸರಿನ ಅಕ್ಷರ ಬೆಸಸಂಖ್ಯೆಯಲ್ಲಿರಬೇಕು ಅನ್ನಬಹುದು. ಪಾರಸ್ಕರ ಗೃಹ್ಯಸೂತ್ರ ಹಾಗೆ ಹೇಳುತ್ತದೆ, ಆಕಾರದಲ್ಲಿ ಮುಗಿಯಬೇಕು ಅಂತಲೂ ಹೇಳುತ್ತದೆ. ಎರಡನೆಯದು ಮಾಯಾ ಹೆಸರಿಗೆ ಕೂಡುತ್ತದೆ, ಮೊದಲನೆಯದು ಸೀತಾ, ರಾಧಾ ಹೆಸರುಗಳಿಗೂ ಕೂಡುವುದಿಲ್ಲ.

ಬರೆಯುವಾಗ ಎಚ್ಚರ. ಮಾಯೆ ಎಂಬುದು ಶಾಲಾ ಶಾಲೆಯಾದ ಹಾಗೆ ಕನ್ನಡಕ್ಕೆ ಒಗ್ಗಿದ ರೂಪ. ಮಾಯ ಅಂದರೆ ಕಾಣೆ. ಮಯ ಅಂದರೆ ಪಾಂಡವರಿಗೆ ಸಭೆ ಕಟ್ಟಿಕೊಟ್ಟ ಅಸುರ ಶಿಲ್ಪಿ. ಇಂಗ್ಲಿಷಿನಲ್ಲಿ ಮಾಯಾ, ಮಾಯ, ಮಯ ಮೂರೂ ಒಂದೇ ಥರ ಬರೆಯುತ್ತಾರೆ, ಹಾಗಾಗಿ ಜನನ ಪ್ರಮಾಣಪತ್ರಕ್ಕೆ ಕನ್ನಡದಲ್ಲಿ ನೀನೇ ಬರೆದು ಕೊಡು. ಹೆಸರಿಲ್ಲದೆ ನೋಂದಣಿ ಆಗಿದ್ದರೆ 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. ಹರಿವಾಣದ ಅಕ್ಕಿಯಲ್ಲಿ ಉಂಗುರದಿಂದ ಹೆಸರು ಬರೆಯುವಾಗ ಅಕ್ಕಿ ತೆಳ್ಳಗೆ ಹರಡಿರಲಿ, ದಪ್ಪ ಇದ್ದರೆ ಕಾಳು ಜಾರಿ ಗೆರೆ ಮುಚ್ಚಿಹೋಗುತ್ತದೆ. ಅಳಿಯಂದಿರಿಗೆ ಹೇಳು, ಎರಡೂ ಅಕ್ಷರಕ್ಕೆ ಇಳಿ ಇರಬೇಕು.

ನಿನ್ನ
ಅಪ್ಪ